ಊರಬ್ಬಕ್ಕೆ ನೆಂಟರಾಗಿ ಹೋಗೋಣ: ಸಿ.ಎಸ್. ಪುರದ ಸುತ್ತ ಒಂದು ವರ್ಷದ ಜಾತ್ರೆಗಳು

 

ಟ್ರಿಪ್ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಬೆಟ್ಟ, ಫಾಲ್ಸ್, ಹೋಮ್‌ಸ್ಟೇ. ಇವೆಲ್ಲ ಯಾವತ್ತು ಹೋದ್ರೂ ಅಲ್ಲೇ ಇರ್ತವೆ. ಆದರೆ ಒಂದೇ ದಿನ ಇದ್ದು ಮಾರನೇ ದಿನ ಇಲ್ಲವಾಗೋ ಜಾಗವೂ ಒಂದಿದೆ. ಅದೇ ಜಾತ್ರೆ. ನಿನ್ನೆವರೆಗೂ ಖಾಲಿ ಬಿದ್ದಿದ್ದ ಬಯಲಲ್ಲಿ ಇವತ್ತು ಬೀದಿ, ಅಂಗಡಿ, ಅಡುಗೆ ಮನೆ, ನಾಟಕದ ಸ್ಟೇಜು ಎಲ್ಲ ಹುಟ್ಟಿಕೊಂಡಿರುತ್ತೆ. ಇನ್ನೆರಡು ದಿನಕ್ಕೆ ಹೋದ್ರೆ ಬರೀ ತೆಂಗಿನ ಚಿಪ್ಪು, ಕಡ್ಲೆಪುರಿ ಕವರ್ರು.

ಇವತ್ತು ಮಾತಾಡೋದು ಬೇರೆ ಊರಿಗೆ ಹೋದಾಗ ಅಲ್ಲಿನ ಹಬ್ಬ ನೋಡೋದು ಹೇಗೆ, ಅದರಲ್ಲಿ ಖುಷಿ ಪಡೋದು ಹೇಗೆ ಅನ್ನೋದರ ಬಗ್ಗೆ. ಇಡೀ ಕರ್ನಾಟಕ ಸುತ್ತೋದು ಬೇಡ. ಒಂದು ಊರು ಹಿಡ್ಕೊಳ್ಳೋಣ, ಅದರ ಸುತ್ತಲೇ ತಿರುಗೋಣ. ಆ ಊರು ಸಿ.ಎಸ್. ಪುರ. ಪೂರ್ತಿ ಹೆಸರು ಚಂದ್ರಶೇಖರಪುರ. ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಒಂದು ಹೋಬಳಿ. ಉತ್ತರಕ್ಕೆ ಹೋದ್ರೆ ಗುಬ್ಬಿ, ಇನ್ನೊಂದು ಕಡೆ ಕುಣಿಗಲ್, ಮತ್ತೊಂದು ಕಡೆ ತುರುವೇಕೆರೆ. ತೆಂಗು, ಅಡಿಕೆ, ರಾಗಿ, ಕೆರೆ. ಗೂಗಲ್‌ನಲ್ಲಿ 'ನೋಡಲೇಬೇಕಾದ ಹತ್ತು ಜಾಗ' ಅಂತ ಹುಡುಕಿದ್ರೆ ಈ ಊರಿನ ಹೆಸರು ಬರೋದು ಕಷ್ಟ. ಆದರೆ ಬೈಕಲ್ಲಿ ಒಂದು, ಒಂದೂವರೆ ಗಂಟೆ ದೂರದೊಳಗೆ ವರ್ಷಪೂರ್ತಿ ಒಂದಲ್ಲ ಒಂದು ಹಬ್ಬ ಸಿಗುತ್ತೆ.

ಡೇಟ್ ಯಾಕೆ ಸಿಗಲ್ಲ?

ಮೊದಲ ತೊಂದರೆ ಎಲ್ರಿಗೂ ಗೊತ್ತು. ಜಾತ್ರೆ ಯಾವತ್ತು ಅಂತ ನೆಟ್ಟಲ್ಲಿ ಹುಡುಕಿದ್ರೆ ಸಿಗೋದು ಹೋದ ವರ್ಷದ ವಿಡಿಯೋ. ಅದೇ ದಿನ ಈ ವರ್ಷ ಹೋದ್ರೆ ಅಲ್ಲಿ ಏನೂ ಇರಲ್ಲ.

ಕಾರಣ ಸರಳ. ನಮ್ಮ ಹೆಚ್ಚಿನ ಜಾತ್ರೆಗಳು ನಡೆಯೋದು ಚಾಂದ್ರಮಾನ ಪಂಚಾಂಗದ ಮೇಲೆ. ಚಂದ್ರನ ಹನ್ನೆರಡು ತಿಂಗಳು ಸೇರಿದ್ರೆ ಸುಮಾರು 354 ದಿನ. ನಮ್ಮ ಗೋಡೆ ಕ್ಯಾಲೆಂಡರ್‌ಗೆ 365. ಹಾಗಾಗಿ ಹಬ್ಬ ಪ್ರತಿ ವರ್ಷ ಸುಮಾರು ಹನ್ನೊಂದು ದಿನ ಹಿಂದಕ್ಕೆ ಬರುತ್ತೆ. ಹೀಗೇ ಬಿಟ್ರೆ ಯುಗಾದಿ ಚಳಿಗಾಲಕ್ಕೆ ಬಂದುಬಿಡುತ್ತಲ್ಲ? ಅದಕ್ಕೇ ಎರಡೂವರೆ, ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿಸ್ತಾರೆ. 2023ರಲ್ಲಿ ಅಧಿಕ ಶ್ರಾವಣ ಬಂತು. 2022ರಲ್ಲಿ ಆಗಸ್ಟ್ 31ಕ್ಕೆ ಬಂದಿದ್ದ ಗಣೇಶನ ಹಬ್ಬ 2023ರಲ್ಲಿ ಸೆಪ್ಟೆಂಬರ್ 18ಕ್ಕೆ ಹೋಯ್ತು. ಲೆಕ್ಕ ಇಷ್ಟೇ. ಡೇಟ್ ನೆನಪಿಟ್ಕೋಬೇಡಿ, ತಿಂಗಳು-ತಿಥಿ ನೆನಪಿಟ್ಕೊಳ್ಳಿ. 'ಶಿವರಾತ್ರಿ ಹೊತ್ತಿಗೆ', 'ಯುಗಾದಿ ಆದ ಮೇಲೆ', 'ದೀಪಾವಳಿ ಪಾಡ್ಯ', ಹಿಂಗೆ. ಆಮೇಲೆ ಆ ವರ್ಷದ ಪಂಚಾಂಗ ನೋಡಿದ್ರೆ ಆಯ್ತು.

ಊರ ದೇವತೆ ಹಬ್ಬಕ್ಕೆ ಇದೂ ಸಾಲದು. ಅದನ್ನ ಊರಿನವರು ಕೂತು ಮಾತಾಡಿ ಗೊತ್ತು ಮಾಡ್ತಾರೆ. ಮಳೆ ಹೆಂಗಿದೆ, ಬೆಳೆ ಕೈಗೆ ಬಂತಾ, ಊರಲ್ಲಿ ಸಾವು ಸೂತಕ ಏನಾದ್ರೂ ಇದೆಯಾ, ದುಡ್ಡು ಕೂಡಿತಾ, ಎಲ್ಲ ನೋಡಬೇಕು. ಕೆಲವು ಊರಲ್ಲಿ ಪ್ರತಿ ವರ್ಷ ಆಗುತ್ತೆ, ಕೆಲವು ಊರಲ್ಲಿ ಮೂರು ವರ್ಷಕ್ಕೋ ಐದು ವರ್ಷಕ್ಕೋ ಒಂದ್ಸಲ. ಈ ಮಾಹಿತಿ ಸಿಗೋದು ಜನರ ಹತ್ರ ಮಾತ್ರ: ಬಸ್ ಸ್ಟ್ಯಾಂಡಿನ ಟೀ ಅಂಗಡಿ, ಬಸ್ ಕಂಡಕ್ಟರ್, ಸರ್ಕಲ್‌ನಲ್ಲಿ ಕಟ್ಟಿರೋ ಫ್ಲೆಕ್ಸು. ಎಲ್ಲಕ್ಕಿಂತ ಹೆಚ್ಚಾಗಿ ನಿಮ್ಮ ಆಫೀಸಲ್ಲೋ ಪಿಜಿಯಲ್ಲೋ ಇರೋ ಆ ಕಡೆ ಹುಡುಗ ಅಥವಾ ಹುಡುಗಿ. "ಮುಂದಿನ ಮಂಗಳವಾರ ರಜಾ ಹಾಕ್ತೀನಿ, ಊರಬ್ಬ" ಅಂತ ಒಬ್ರು ಅಂದ್ರೆ, ಅದೇ ನಿಮ್ಮ ನೋಟಿಫಿಕೇಶನ್.

ಎಲ್ಲರಿಗೂ ಬಾಗಿಲು ತೆರೆದಿರೋ ಜಾತ್ರೆಗಳು

ಹಬ್ಬಗಳನ್ನ ನಾನು ಎರಡು ಗುಂಪು ಮಾಡ್ತೀನಿ. ಒಂದು, ದೊಡ್ಡ ಜಾತ್ರೆ, ಪರಿಷೆ. ಯಾರು ಬೇಕಾದ್ರೂ ಹೋಗಬಹುದು, ಯಾರೂ ಕರೀಬೇಕಾಗಿಲ್ಲ. ಇನ್ನೊಂದು, ಊರಬ್ಬ. ಅದಕ್ಕೆ ಕರೆ ಬೇಕು. ಮೊದಲನೇದರಿಂದ ಶುರು ಮಾಡೋಣ.

ಶಿವರಾತ್ರಿ ಹೊತ್ತಿಗೆ ತುಮಕೂರಿನ ಪಕ್ಕ ಸಿದ್ಧಗಂಗಾ ಕ್ಷೇತ್ರದಲ್ಲಿ ಜಾತ್ರೆ. ಮಠದ ಬಗ್ಗೆ ನಿಮಗೆ ಗೊತ್ತಿರುತ್ತೆ. ಸಾವಿರಾರು ಮಕ್ಕಳಿಗೆ ಉಚಿತವಾಗಿ ಊಟ, ವಸತಿ, ಓದು. 2019ರ ಜನವರಿ 21ರಂದು ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿ ದಶಕಗಳ ಕಾಲ ನಡೆಸಿದ ಜಾಗ. ಜಾತ್ರೆಯಲ್ಲಿ ರಥೋತ್ಸವದ ಜೊತೆಗೆ ವಸ್ತುಪ್ರದರ್ಶನ ಇರುತ್ತೆ, ದನಗಳ ಜಾತ್ರೆ ಇರುತ್ತೆ. ಸಿಟಿಯಲ್ಲಿ ಬೆಳೆದೋರು ಆ ದನಗಳ ಜಾತ್ರೆ ನೋಡಬೇಕು. ಬೆಳಿಗ್ಗೆ ಬೇಗ ಹೋಗಿ. ಬಿಸಿಲು ಏರೋ ಮುಂಚೆ ಹಳ್ಳಿಕಾರ್ ಜೋಡೆತ್ತುಗಳನ್ನ ತೊಳೆದು, ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ ಕಟ್ಟಿ ನಿಲ್ಲಿಸಿರ್ತಾರೆ. ಒಳ್ಳೇ ಜೋಡಿ ಇಟ್ಕೊಂಡೋರು ಅದನ್ನ ವಾದ್ಯ ಊದಿಸಿಕೊಂಡೇ ಕರ್ಕೊಂಡು ಬರೋದೂ ಉಂಟು.

ಅಲ್ಲಿ ಒಂದು ಭಾಷೆ ಇದೆ, ಕಿವಿಗೊಟ್ಟು ಕೇಳಿ. "ಎಷ್ಟು ಹಲ್ಲು?" ಅಂತಾರೆ. ಅಂದ್ರೆ ವಯಸ್ಸೆಷ್ಟು ಅಂತ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಆಮೇಲೆ 'ಬಾಯಿಗೂಡಿದೆ'. ಸುಳಿ ನೋಡ್ತಾರೆ, ಅಂದ್ರೆ ಮೈಮೇಲೆ ಕೂದಲು ಸುತ್ತಿಕೊಂಡಿರೋ ಜಾಗ. ವ್ಯಾಪಾರದ ಹೊತ್ತಿಗೆ ಇಬ್ಬರು ಕೈ ಹಿಡ್ಕೊಂಡು ಮೇಲೆ ಟವೆಲ್ ಮುಚ್ಚಿಕೊಳ್ತಾರೆ. ಒಳಗೆ ಬೆರಳಲ್ಲೇ ರೇಟು. ಪಕ್ಕದಲ್ಲಿ ನಿಂತ ನಿಮಗೆ ಏನೂ ಗೊತ್ತಾಗಲ್ಲ. ಮುಖ ಮಾತ್ರ ಕಾಣುತ್ತೆ. ಈ ಟವೆಲ್‌ಗೆ ಯಾವ ಪಾಸ್‌ವರ್ಡೂ ಸಮ ಅಲ್ಲ! ಅಲ್ಲಿಂದ ಹೊರಟಾಗ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನೋದನ್ನ ನಾನು ಹೇಳಬೇಕಾಗಿಲ್ಲ.

ಇನ್ನು ಫಾಲ್ಗುಣದಲ್ಲಿ ದೇವರಾಯನದುರ್ಗದ ನರಸಿಂಹಸ್ವಾಮಿ ತೇರು. ಕೆಳಗೆ ಭೋಗಾನರಸಿಂಹ, ಮೇಲೆ ಯೋಗಾನರಸಿಂಹ. ಯುಗಾದಿ ಆದ ಮೇಲೆ, ಚೈತ್ರದಲ್ಲಿ ಕುಣಿಗಲ್ ತಾಲ್ಲೂಕಿನ ಎಡೆಯೂರಲ್ಲಿ ಸಿದ್ಧಲಿಂಗೇಶ್ವರ ಸ್ವಾಮಿ ರಥೋತ್ಸವ. ಬೆಂಗಳೂರು-ಮಂಗಳೂರು ಹೆದ್ದಾರಿಯ ಮೇಲೇ ಇರೋ ಊರು. ಹಾಸನಕ್ಕೋ ಸಕಲೇಶಪುರಕ್ಕೋ ಹೋಗ್ತಾ ಎಷ್ಟೋ ಜನ ಬೋರ್ಡ್ ನೋಡಿ ಮುಂದೆ ಹೋಗಿರ್ತೀರಿ. ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆ ಇರೋ ಜಾಗ ಅದು.

ತೇರು ಎಳೆಯೋ ದಿನ ಎರಡು ವಿಷಯ ನೆನಪಿರಲಿ. ಒಂದು, ತೇರಿನ ಮೇಲೆ ಜನ ಬಾಳೆಹಣ್ಣು, ದವನ ಎಸೀತಾರೆ. ನಿಮ್ಮ ತಲೆಗೂ ಬೀಳುತ್ತೆ, ಬೇಜಾರಾಗಬೇಡಿ. ಎರಡು, ಗಾಲಿ ಹತ್ರ ಹೋಗಬೇಡಿ. ತೇರಿಗೆ ನಮ್ಮ ಬೈಕಿನ ಥರ ಬ್ರೇಕಿಲ್ಲ. ಗಾಲಿಗೆ ಮರದ ತುಂಡು ಕೊಟ್ಟು ನಿಲ್ಲಿಸೋರು ಆ ಕೆಲಸ ಗೊತ್ತಿರೋ ನಾಲ್ಕು ಜನ. ಅವರ ಕಣ್ಣು ಗಾಲಿ ಮೇಲಿರುತ್ತೆ, ನಿಮ್ಮ ಕಣ್ಣು ಸ್ಕ್ರೀನ್ ಮೇಲಿರುತ್ತೆ. ಹಗ್ಗ ಹಿಡಿದು ಎಳೀಬೇಕು ಅಂದ್ರೆ ಫೋನ್ ಜೇಬಲ್ಲಿಟ್ಟು ಎರಡೂ ಕೈಯಲ್ಲಿ ಎಳೀರಿ.

ನನಗೆ ಈ ಕಡೆಯ ಹಬ್ಬಗಳಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಗೂಳೂರಿನ ಗಣಪ. ತುಮಕೂರಿಂದ ಕುಣಿಗಲ್ ರಸ್ತೆ ಹಿಡಿದ್ರೆ ಐದಾರು ಕಿಲೋಮೀಟರಿಗೆ ಸಿಗೋ ಊರು. ನಾವು ನೀವು ಚೌತಿ ದಿನ ಅಂಗಡಿಯಿಂದ ಗಣಪನನ್ನ ತಂದು ಕೂರಿಸ್ತೀವಿ, ಮೂರು ದಿನಕ್ಕೋ ಐದು ದಿನಕ್ಕೋ ಬಿಡ್ತೀವಿ. ಗೂಳೂರಲ್ಲಿ ಚೌತಿಗೆ ಶುರುವಾಗೋದು ಗಣಪನನ್ನ ಮಾಡೋ ಕೆಲಸ. ಕೆರೆ ಮಣ್ಣು ತಂದು, ಆಳೆತ್ತರಕ್ಕೂ ಮೀರಿದ ಮೂರ್ತಿಯನ್ನ ಅಲ್ಲೇ ನಿಧಾನಕ್ಕೆ ಕಟ್ತಾ ಹೋಗ್ತಾರೆ. ದೀಪಾವಳಿಯ ಬಲಿಪಾಡ್ಯಮಿಗೆ ಪೂಜೆ ಶುರು. ಅಲ್ಲಿಂದ ತಿಂಗಳಿಗೂ ಹೆಚ್ಚು ಕಾಲ ಪೂಜೆ, ಕೊನೆಗೆ ದೊಡ್ಡ ಉತ್ಸವ ಮಾಡಿ ಊರ ಕೆರೆಯಲ್ಲೇ ಬಿಡ್ತಾರೆ. ಕೆರೆಯಿಂದ ಬಂದ ಮಣ್ಣು ಕೆರೆಗೇ ವಾಪಸ್. ಹದಿನೆಂಟು ಕೋಮಿನವರು ಸೇರಿ ಮಾಡೋ ಹಬ್ಬ ಅಂತ ಊರಿನವರು ಹೇಳ್ತಾರೆ.

ಗೂಳೂರಿಗೆ ಎರಡು ಸಲ ಹೋಗಿ ಅಂತ ನನ್ನ ಸಲಹೆ. ಒಂದು ಸಲ ಕೊನೇ ದಿನ, ಜನ, ಮೆರವಣಿಗೆ, ಪಟಾಕಿ ಎಲ್ಲ ಇರೋವಾಗ. ಇನ್ನೊಂದು ಸಲ ಅದಕ್ಕೂ ಮುಂಚೆ, ಮಣ್ಣಿನ ಕೆಲಸ ನಡೀತಿರೋವಾಗ, ಯಾರೂ ಇಲ್ಲದ ದಿನ. ಅದೇ ಓಡಾಟದಲ್ಲಿ ಪಕ್ಕದ ಕೈದಾಳಕ್ಕೂ ಹೋಗಬಹುದು. ಹೊಯ್ಸಳರ ಕಾಲದ ಚನ್ನಕೇಶವ ಗುಡಿ, ಜಕಣಾಚಾರಿ ಕೈ ಮರಳಿ ಬಂದ ಕಥೆ ಅಂಟಿಕೊಂಡಿರೋ ಊರು.

ಪಾತ್ರಕ್ಕೆ ದುಡ್ಡು ಕೊಡೋ ನಟರು

ಗುಬ್ಬಿ ಅಂದ ಮೇಲೆ ನಾಟಕದ ಮಾತು ಬರಲೇಬೇಕು. ಊರಿನ ಚನ್ನಬಸವೇಶ್ವರನ ಹೆಸರಲ್ಲಿ 1884ರಲ್ಲಿ ಶುರುವಾದ ನಾಟಕ ಕಂಪನಿ ಮುಂದೆ ಗುಬ್ಬಿ ವೀರಣ್ಣನವರ ಕೈಗೆ ಬಂತು. ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್, ಬಿ.ವಿ. ಕಾರಂತ, ಇವರೆಲ್ಲ ಆ ಕಂಪನಿಯಲ್ಲಿ ದುಡಿದವರು. ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ, ಕುದುರೆ ತಂದು ಆಡಿಸಿದ ಕಂಪನಿ.

ಅದರ ಗುಂಗು ಈ ಕಡೆ ಹಳ್ಳಿಗಳಿಂದ ಇನ್ನೂ ಹೋಗಿಲ್ಲ. ಜಾತ್ರೆ, ಊರಬ್ಬದ ರಾತ್ರಿ ಊರಿನವರೇ ಪೌರಾಣಿಕ ನಾಟಕ ಆಡ್ತಾರೆ. ಹೆಚ್ಚಾಗಿ ಕುರುಕ್ಷೇತ್ರವೇ. ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರು ಬಂದು ಕಲಿಸಿರ್ತಾರೆ. ಸೀನರಿ, ಡ್ರೆಸ್ಸು ಬಾಡಿಗೆಗೆ ಬಂದಿರುತ್ತೆ. ಮಜಾ ಏನಂದ್ರೆ ಇಲ್ಲಿ ಪಾತ್ರ ಮಾಡೋರು ದುಡ್ಡು ತಗೊಳಲ್ಲ, ಕೊಡ್ತಾರೆ. ಪಾತ್ರಕ್ಕೆ ತಕ್ಕಂತೆ ರೇಟು. ದುರ್ಯೋಧನ ಆಗಬೇಕು ಅಂದ್ರೆ ಜೇಬು ಗಟ್ಟಿ ಇರಬೇಕು. ಹಗಲು ಟ್ರ್ಯಾಕ್ಟರ್ ಓಡಿಸೋರು, ಮೇಷ್ಟ್ರು, ಪಂಚಾಯ್ತಿ ಮೆಂಬರ್ರು ರಾತ್ರಿ ಕಿರೀಟ ಹಾಕ್ಕೊಂಡು ಬರ್ತಾರೆ. ಕಂದ ಪದ್ಯ ಎತ್ತಿ ಹಾಡಿದ್ರೆ ಜನ ವನ್ಸ್ ಮೋರ್ ಅಂತಾರೆ, ಅಭಿಮಾನಿಗಳು ಮಧ್ಯದಲ್ಲೇ ಸ್ಟೇಜ್ ಹತ್ತಿ ನೋಟಿನ ಹಾರ ಹಾಕ್ತಾರೆ. ಕಥೆ ಐದು ನಿಮಿಷ ನಿಲ್ಲುತ್ತೆ, ಯಾರಿಗೂ ಅವಸರ ಇಲ್ಲ. ಬೆಳಗಾಗೋವರೆಗೂ ನಡೆಯುತ್ತೆ. ಒಂದು ಬೆಡ್‌ಶೀಟ್ ತಗೊಂಡು ಹೋಗಿ. ಅರ್ಧಕ್ಕೆ ನಿದ್ದೆ ಮಾಡಿದ್ರೂ ಯಾರೂ ಏನೂ ಅನ್ಕೊಳಲ್ಲ, ಪಕ್ಕದ ಅಜ್ಜ ಆಗಲೇ ಗೊರಕೆ ಹೊಡೀತಿರ್ತಾರೆ.

ಊರಬ್ಬಕ್ಕೆ ಕರೆ ಬಂದಾಗ

ಇನ್ನು ಎರಡನೇ ಗುಂಪು, ಊರಬ್ಬ. ಸಿ.ಎಸ್. ಪುರ ಹೋಬಳಿ ಹಳ್ಳಿಗಳೂ ಸೇರಿದಂತೆ ಈ ಭಾಗದಲ್ಲಿ ಗ್ರಾಮದೇವತೆಯನ್ನ ಜನ ಅಮ್ಮ ಅಂತಲೇ ಕರೆಯೋದು. ಅಮ್ಮನ ಹಬ್ಬ. ಇದು ಹೊರಗಿನವರು ನೋಡಲಿ ಅಂತ ಮಾಡೋ ಹಬ್ಬ ಅಲ್ಲ, ಊರು ತನಗೋಸ್ಕರ ಮಾಡ್ಕೊಳ್ಳೋದು.

ಶುರುವಾಗೋದು ಸಾರು ಹಾಕೋದರಿಂದ. ತಮಟೆ ಬಡಿದು ಬೀದಿ ಬೀದಿಗೆ ಹಬ್ಬದ ದಿನ ಸಾರ್ತಾರೆ. ಕೆಲವು ಊರಲ್ಲಿ ಅಲ್ಲಿಂದ ಹಬ್ಬ ಮುಗಿಯೋವರೆಗೆ ಮದುವೆ ಮಾಡಲ್ಲ, ಊರು ಬಿಟ್ಟು ಹೋಗಿ ರಾತ್ರಿ ಉಳಿಯಲ್ಲ, ಒಗ್ಗರಣೆ ಕೂಡ ಹಾಕಲ್ಲ. ಮದುವೆಯಾಗಿ ಹೋದ ಹೆಣ್ಣುಮಕ್ಕಳು ತವರಿಗೆ ಬರ್ತಾರೆ. ಬೆಂಗಳೂರಲ್ಲಿ ಡೆಲಿವರಿ, ಗಾರ್ಮೆಂಟ್ಸು, ಸಾಫ್ಟ್‌ವೇರು ಅಂತ ಚದುರಿ ಹೋದ ಹುಡುಗ್ರು ಬರ್ತಾರೆ. ಶಕ್ತಿ ಯೋಜನೆ ಬಂದ ಮೇಲೆ, ಅಂದ್ರೆ 2023ರ ಜೂನ್ 11ರಿಂದ, ಸಾರಿಗೆ ಬಸ್ಸಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿನ ಚಿಂತೆಯೂ ಇಲ್ಲ. ಒಂದು ರೀತಿ ನೋಡಿದ್ರೆ ಊರಬ್ಬ ಅಂದ್ರೆ ಊರು ತನ್ನ ಜನರನ್ನ ಎಣಿಸಿಕೊಳ್ಳೋ ದಿನ. ಯಾರು ಬಂದ್ರು, ಯಾರು ಬರಲಿಲ್ಲ, ಯಾರ ಮನೆಗೆ ಹೊಸ ಸೊಸೆ ಬಂದಳು, ಯಾರು ಈ ವರ್ಷ ಇಲ್ಲ.

ರಾತ್ರಿ ಹೆಣ್ಣುಮಕ್ಕಳು ತಂಬಿಟ್ಟಿನ ಆರತಿ ಹೊತ್ತು ಸಾಲಾಗಿ ಗುಡಿಗೆ ಹೋಗ್ತಾರೆ. ಅರೆ, ತಮಟೆ ಸದ್ದಿಗೆ ಸೋಮನ ಕುಣಿತ ಇರುತ್ತೆ. ಬಣ್ಣ ಬಳಿದ ದೊಡ್ಡ ಮರದ ಮುಖ ಹೊತ್ತು ಕುಣಿಯೋದು. ಸೋಮ ಅಂದ್ರೆ ಅಮ್ಮನ ಕಾವಲುಗಾರ. ತುಮಕೂರು, ಹಾಸನ, ಮಂಡ್ಯ ಸೀಮೆಯ ಕಲೆ ಅದು. ಕೆಲವು ಕಡೆ ಬೆಳಗಿನ ಜಾವ ಕೊಂಡ ಹಾಯ್ತಾರೆ. ಕೊಂಡ ಹಾಯೋರು ಉಪವಾಸ, ಮಡಿ ಮಾಡಿ ಹರಕೆ ಹೊತ್ತೋರು. ರೀಲ್ಸ್‌ಗೋಸ್ಕರ ನೀವೂ ಒಂದು ಕೈ ನೋಡೋಣ ಅಂತ ಇಳಿಯೋ ಜಾಗ ಅದಲ್ಲ. ಕೆಂಡ ನಿಜವಾದದ್ದು.

ಈ ಹಬ್ಬಕ್ಕೆ ನಿಮ್ಮನ್ನ ಕರೆದ್ರೆ ನೀವು ಟೂರಿಸ್ಟ್ ಅಲ್ಲ, ನೆಂಟರು. ನೆಂಟರಿಗೆ ಸಿಗೋ ಸುಖ ದೊಡ್ಡದು. ಗೊತ್ತೇ ಇಲ್ಲದ ಮನೆಯ ಅಜ್ಜಿ ನಿಮ್ಮ ತಟ್ಟೆಗೆ ಮೂರನೇ ಒಬ್ಬಟ್ಟು ಹಾಕಿ ಮೇಲೆ ತುಪ್ಪ ಸುರೀತಾರೆ. ಆದರೆ ನೆಂಟರಿಗೆ ಒಂದಿಷ್ಟು ರೀತಿನೂ ಇರುತ್ತೆ. ಹೇಳ್ತೀನಿ.

ಬರಿಗೈಲಿ ಹೋಗಬೇಡಿ. ಹಣ್ಣು, ಹೂವು, ಮನೆಯ ಮಕ್ಕಳಿಗೆ ಏನಾದ್ರೂ ತಿಂಡಿ. ಸಾಕು.

ಊಟದ ಬಗ್ಗೆ ಮೊದಲೇ ಹೇಳಿಬಿಡಿ. ಕೆಲವು ಮನೆಯಲ್ಲಿ ಹಬ್ಬ ಪೂರ್ತಿ ಸಿಹಿಯೂಟ. ಕೆಲವು ಮನೆಯಲ್ಲಿ ಮೊದಲ ದಿನ ಒಬ್ಬಟ್ಟು, ಮಾರನೇ ದಿನ ಮುದ್ದೆ, ಬಾಡಿನ ಸಾರು. ನೀವು ತಿನ್ನಲ್ಲ ಅಂದ್ರೆ "ನಾನು ತಿನ್ನಲ್ಲ, ಮೊಸರನ್ನ ಸಾಕು" ಅಂತ ಹಿಂದಿನ ದಿನವೇ ಫ್ರೆಂಡ್‌ಗೆ ಹೇಳಿ. ಎಲೆ ಮುಂದೆ ಕೂತ ಮೇಲೆ ಮುಖ ಸಿಂಡರಿಸಿದ್ರೆ ಮಾಡಿದೋರಿಗೆ ನೋವಾಗುತ್ತೆ. ಬಲಿ ವಿಷಯಕ್ಕೆ ಬಂದ್ರೆ, ದೇವಸ್ಥಾನದ ಆವರಣದಲ್ಲಿ ಪ್ರಾಣಿಬಲಿಯನ್ನ ರಾಜ್ಯದಲ್ಲಿ 1959ರ ಕಾಯ್ದೆ ನಿಷೇಧ ಮಾಡಿದೆ. ಹಾಗಾಗಿ ಎಷ್ಟೋ ಊರಲ್ಲಿ ಗುಡಿ ಮುಂದೆ ಪೂಜೆ ಅಷ್ಟೇ, ಮಿಕ್ಕಿದ್ದು ಮನೆಮನೆಯ ಅಡುಗೆ.

ಇನ್ನು ಫೋನು. ಗರ್ಭಗುಡಿ ಕಡೆ ಎತ್ತೋ ಮುಂಚೆ ಕೇಳಿ. ಆರತಿ ಹೊತ್ತ ಹೆಣ್ಣುಮಕ್ಕಳ ಮುಖದ ಹತ್ತಿರಕ್ಕೆ ಹೋಗಿ ವಿಡಿಯೋ ಮಾಡಬೇಡಿ, ಅವರು ನಿಮ್ಮ ಫ್ರೆಂಡ್‌ನ ಅಕ್ಕ, ಅತ್ತೆ, ದೊಡ್ಡಮ್ಮ. ಯಾರಿಗಾದ್ರೂ ಮೈಮೇಲೆ ದೇವರು ಬಂದಾಗ ಕ್ಯಾಮೆರಾ ಆಫ್. ನೀವು ನಂಬ್ತೀರೋ ಬಿಡ್ತೀರೋ ಬೇರೆ ಮಾತು. ಆ ಹೊತ್ತಲ್ಲಿ ಆ ಮನುಷ್ಯ ನಿಮ್ಮ ಕ್ಯಾಮೆರಾಗೆ ಒಪ್ಪಿಗೆ ಕೊಡೋ ಸ್ಥಿತಿಯಲ್ಲಿ ಇರಲ್ಲ. ನಾಳೆ ಅವರು ಬೆಂಗಳೂರಲ್ಲಿ ಕೆಲಸಕ್ಕೆ ಹೋಗಬೇಕು, ಅಲ್ಲಿ ಅವರ ವಿಡಿಯೋ ಮೀಮ್ ಆಗಿ ತಿರುಗಬಾರದು.

"ನೀವು ಯಾವ ಜನ?"

ಈಗ ಕಷ್ಟದ ಮಾತು. ಇದನ್ನ ಬಿಟ್ಟು ಬರೀ ಒಬ್ಬಟ್ಟಿನ ಬಗ್ಗೆ ಮಾತಾಡಿ ಮುಗಿಸೋಕೆ ನನಗಿಷ್ಟ ಇಲ್ಲ.

ಊರಬ್ಬದ ಮನೆಯಲ್ಲಿ ಕಾಫಿ ಕೊಟ್ಟ ಮೇಲೆ ಯಾರಾದ್ರೂ ಹಿರಿಯರು ಕೇಳೋ ಮೊದಲ ಪ್ರಶ್ನೆ "ಯಾವೂರು?" ಎರಡನೇದು "ಯಾವ ಜನ?" ಕೆಲವರಿಗೆ ಇದು ಸುಮ್ನೆ ಒಂದು ಪ್ರಶ್ನೆ. ಕೇಳ್ತಿರೋರಲ್ಲಿ ಇನ್ನು ಕೆಲವರಿಗೆ, ಈ ಪ್ರಶ್ನೆ ಬರುತ್ತೆ ಅಂತ ಗೊತ್ತಿರೋದರಿಂದಲೇ ಊರಬ್ಬಕ್ಕೆ ಹೋಗೋ ಮನಸ್ಸಾಗಲ್ಲ. ಎಷ್ಟೇ ಒಳ್ಳೇ ಫ್ರೆಂಡ್ ಕರೆದ್ರೂ ಏನೋ ಒಂದು ನೆಪ ಹೇಳಿ ತಪ್ಪಿಸ್ಕೊಳ್ತಾರೆ.

ಹಬ್ಬ ಶುರುವಾಗೋದೇ ತಮಟೆಯಿಂದ ಅಂದೆನಲ್ಲ, ಆ ತಮಟೆ ಬಡಿಯೋರು ಹೆಚ್ಚಿನ ಊರಲ್ಲಿ ದಲಿತ ಸಮುದಾಯದವರು. ಅವರಿಲ್ಲದೆ ಸಾರು ಇಲ್ಲ, ಮೆರವಣಿಗೆ ಇಲ್ಲ. ಆದರೂ ಕೆಲವು ಊರಲ್ಲಿ ಗುಡಿ ಬಾಗಿಲ ಹತ್ರ ಬಂದಾಗ ಅವರು ಹೊರಗೇ ನಿಲ್ತಾರೆ. ಎಲ್ಲ ಬೀದಿ ಸುತ್ತೋ ಅಮ್ಮ ಅವರ ಕೇರಿಗೆ ಹೋಗಲ್ಲ. ಗುಡಿ ಪ್ರವೇಶದ ಜಗಳಗಳು ಈ ಜಿಲ್ಲೆಯಿಂದಲೂ ಸುದ್ದಿಯಾಗಿವೆ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನ ರದ್ದು ಮಾಡಿ ಮುಕ್ಕಾಲು ಶತಮಾನ ಆಯ್ತು. 1989ರ ದೌರ್ಜನ್ಯ ತಡೆ ಕಾಯ್ದೆಯೂ ಇದೆ. ಇದು 'ಅವರ ಊರ ಪದ್ಧತಿ' ಅಂತ ಬಿಡೋ ವಿಷಯ ಅಲ್ಲ, ಅಪರಾಧ.

ಹಾಗಾದ್ರೆ ಒಂದು ದಿನಕ್ಕೆ ಬಂದ ನೆಂಟ ಏನು ಮಾಡಬಹುದು? ಜಗಳ ತೆಗೆದು ರಾತ್ರಿ ಬಸ್ ಹತ್ತಿ ಬರೋದು ಸುಲಭ, ಅದರ ಬಿಸಿ ತಟ್ಟೋದು ಅಲ್ಲೇ ಉಳಿಯೋರಿಗೆ. ಆದರೆ ಕಣ್ಣು ಮುಚ್ಚಿಕೊಳ್ಳೋದೂ ಬೇಡ. ತಮಟೆಯವರು ವಿರಾಮಕ್ಕೆ ಕೂತಾಗ ಹೋಗಿ ಪಕ್ಕದಲ್ಲಿ ಕೂರಿ, ಹೆಸರು ಕೇಳಿ, ಜೊತೆಗೆ ಟೀ ಕುಡೀರಿ. ಹೊರಗೆ ನಿಂತವರನ್ನ ಕಣ್ಣಾರೆ ನೋಡಿ ಬಂದು 'ಊರೆಲ್ಲ ಒಂದಾಗಿ ಆಡುವ ಹಬ್ಬ' ಅಂತ ಕ್ಯಾಪ್ಷನ್ ಹಾಕಬೇಡಿ. "ಅಮ್ಮ ಆ ಕೇರಿಗೆ ಯಾಕೆ ಹೋಗಲ್ಲ?" ಅಂತ ನಿಮ್ಮ ಫ್ರೆಂಡನ್ನ ಕೇಳಿ. ಅವನಿಗೂ ಗೊತ್ತಿರುತ್ತೆ. ಹೊರಗಿನವರೊಬ್ಬರು ನೇರವಾಗಿ ಕೇಳಿದಾಗ ಉತ್ತರ ಕೊಡೋಕೆ ಕಷ್ಟ ಆಗುತ್ತೆ, ಆ ಕಷ್ಟದಿಂದಲೇ ಮುಂದಿನ ಮೀಟಿಂಗಲ್ಲಿ ಯಾರಾದ್ರೂ ಬಾಯಿ ಬಿಡಬಹುದು.

ನಿಜ ಹೇಳಬೇಕು ಅಂದ್ರೆ ಈ ಮಾತು ನೆಂಟರಿಗಿಂತ ಕರೆಯೋರಿಗೆ ಹೆಚ್ಚು. ನೀವು ನಿಮ್ಮ ಊರಬ್ಬಕ್ಕೆ ಫ್ರೆಂಡ್ಸನ್ನ ಕರೀತೀರಿ ಅಂತಾದ್ರೆ ಮನೆಯಲ್ಲಿ ಮೊದಲೇ ಮಾತಾಡಿ. "ನನ್ನ ಫ್ರೆಂಡ್ಸ್ ಬರ್ತಾರೆ, ಎಲ್ರೂ ಒಳಗೆ ಕೂತು ಊಟ ಮಾಡ್ತಾರೆ, ಯಾವ ಜನ ಅಂತ ಯಾರೂ ಕೇಳಬಾರದು" ಅಂತ ಅಪ್ಪ, ಅಮ್ಮ, ಅಜ್ಜಿಗೆ ಹೇಳಿ ಒಪ್ಪಿಸಿ. ಒಪ್ಪಿಸೋಕೆ ಆಗದಿದ್ರೆ, ಫ್ರೆಂಡನ್ನ ಹೊಸಿಲ ಹತ್ರ ನಿಲ್ಲಿಸಿ ಅವಮಾನ ಮಾಡಿಸಬೇಡಿ. ಅವನಿಗೆ ನಿಜ ಹೇಳಿ. ಮತ್ತೆ ಮನೆಯಲ್ಲಿ ಆ ಮಾತು ನಿಲ್ಲಿಸಬೇಡಿ.

ಡಿಜೆ ಬಂದ ಮೇಲೆ

ಇನ್ನೊಂದು ವಿಷಯ, ಇದು ನೇರವಾಗಿ ನಮ್ಮ ಫೋನಿಗೆ ಸಂಬಂಧಪಟ್ಟಿದ್ದು. ಈಚೆಗೆ ಎಷ್ಟೋ ಊರಬ್ಬಗಳಲ್ಲಿ ಡಿಜೆ ಬರುತ್ತೆ. ಗಾಡಿ ತುಂಬ ಸ್ಪೀಕರ್ರು, ಲೈಟು. ಅದರ ಮುಂದೆ ಕುಣಿಯೋದು ಖುಷಿಯೇ, ನಾನು ಬೇಡ ಅನ್ನಲ್ಲ. ಆದರೆ ಹಬ್ಬಕ್ಕೆ ಎತ್ತಿದ ದುಡ್ಡು ಅಷ್ಟೇ. ಅದರಲ್ಲಿ ದೊಡ್ಡ ಪಾಲು ಡಿಜೆಗೆ ಹೋದ್ರೆ ಅರೆಯವರಿಗೆ, ಸೋಮನ ಕುಣಿತದವರಿಗೆ, ಮೂಡಲಪಾಯ ಯಕ್ಷಗಾನದವರಿಗೆ ಕಡಿಮೆಯಾಗುತ್ತೆ. ಕರೆದ್ರೂ ಸ್ಪೀಕರ್ ಸದ್ದಲ್ಲಿ ಅರೆ ಕೇಳಿಸಲ್ಲ. ಒಂದೆರಡು ವರ್ಷ ಹಿಂಗಾದ್ರೆ ಆ ಮನೆಯ ಮಗ ಕಲಿಯೋದನ್ನೇ ಬಿಡ್ತಾನೆ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕಬಾರದು ಅಂತ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಹೇಳುತ್ತೆ. ತಮಾಷೆ ಅಂದ್ರೆ ಹತ್ತು ಗಂಟೆಗೆ ಪೊಲೀಸ್ರು ಡಿಜೆ ನಿಲ್ಲಿಸಿದ ಮೇಲೆ ಊರು ಮತ್ತೆ ತಮಟೆಗೇ ವಾಪಸ್ ಬರುತ್ತೆ.

ಇಲ್ಲಿ ನಮ್ಮ ಪಾಲೂ ಇದೆ. ನಾವು ಯಾವುದರ ವಿಡಿಯೋ ಹಾಕ್ತೀವೋ, ಯಾವುದಕ್ಕೆ ಲೈಕ್ ಒತ್ತೀವೋ, ಪಕ್ಕದೂರಿನ ಹುಡುಗ್ರು ಮುಂದಿನ ವರ್ಷ ಅದನ್ನೇ ತರಿಸ್ತಾರೆ. ಹಾಕೋದಿದ್ರೆ ಸೋಮನ ಕುಣಿತದ ವಿಡಿಯೋ ಹಾಕಿ. ಜೊತೆಗೆ, ಒಪ್ಪಿಗೆ ತಗೊಂಡು, ತಂಡದ ಊರು, ಅವರನ್ನ ಕರೆಸೋದು ಹೇಗೆ ಅನ್ನೋದನ್ನೂ ಬರೀರಿ. ಒಂದು ವಿಡಿಯೋದಿಂದ ಒಂದು ಕರೆ ಹೆಚ್ಚು ಬಂದ್ರೂ ಅವರಿಗೆ ಅದು ಒಂದು ರಾತ್ರಿಯ ಕೂಲಿ.

ದುಡ್ಡು ಖರ್ಚು ಮಾಡೋದರಲ್ಲೂ ಹಾಗೇ. ಬೆಂಡು ಬತ್ತಾಸು, ಕಡ್ಲೆಪುರಿ, ಬಳೆ, ಗೆಜ್ಜೆ ಮಾರೋರು ಒಂದು ಜಾತ್ರೆಯಿಂದ ಇನ್ನೊಂದು ಜಾತ್ರೆಗೆ ಹೋಗ್ತಾ ಜೀವನ ಮಾಡೋರು. 2020-21ರ ಕೊರೊನಾ ಕಾಲದಲ್ಲಿ ಜಾತ್ರೆಗಳು ನಿಂತಾಗ ಅವರ ದುಡಿಮೆಯೂ ನಿಂತಿತು. ಐವತ್ತು ರೂಪಾಯಿ ಕಡ್ಲೆಪುರಿಗೆ ಚೌಕಾಸಿ ಮಾಡಬೇಡಿ. ನೀರಿನ ಬಾಟಲಿ ಮನೆಯಿಂದ ತಗೊಂಡು ಹೋಗಿ, ಕಸ ವಾಪಸ್ ತನ್ನಿ. ಅರವಟಿಗೆಯಲ್ಲಿ ಕೊಡೋ ಪಾನಕ, ಮಜ್ಜಿಗೆ ಮಾತ್ರ ಬಿಡಬೇಡಿ.

ಹೊರಡೋ ಮುಂಚೆ

ಕೊನೆಗೆ ಚಿಕ್ಕ ಪ್ಲಾನ್ ಕೊಡ್ತೀನಿ. ಮೊದಲ ಸಲ ಹೋಗೋರು ದೊಡ್ಡ ಜಾತ್ರೆಯಿಂದ ಶುರು ಮಾಡಿ. ಸಿದ್ಧಗಂಗಾ ಆಗಬಹುದು, ಎಡೆಯೂರು ಆಗಬಹುದು. ಬೆಂಗಳೂರಿಂದ ತುಮಕೂರಿಗಾಗಲಿ ಕುಣಿಗಲ್‌ಗಾಗಲಿ ಸುಮಾರು 70 ಕಿಲೋಮೀಟರು. ಬಸ್ಸಿಗೆ ಬರವಿಲ್ಲ. ಗುಬ್ಬಿಗೆ ರೈಲೂ ಇದೆ. ದೀಪಾವಳಿ ಆದ ಮೇಲೆ ಗೂಳೂರು. ಆಮೇಲೆ, ಯಾರಾದ್ರೂ ಊರಬ್ಬಕ್ಕೆ ಕರೆದ್ರೆ, ಹೋಗಿ. ರಾತ್ರಿ ಉಳಿಯೋ ಲೆಕ್ಕದಲ್ಲಿ ಹೋಗಿ, ಹಬ್ಬದ ಅರ್ಧ ಇರೋದೇ ರಾತ್ರಿ. ಕೊನೇ ಬಸ್ಸು ಎಷ್ಟೊತ್ತಿಗೆ ಅಂತ ಊರು ತಲುಪಿದ ತಕ್ಷಣ ಕೇಳ್ಕೊಳ್ಳಿ. ಒಬ್ಬಳೇ ಹೋಗೋ ಹೆಣ್ಣುಮಕ್ಕಳು ಮಲಗೋ ಜಾಗ ಯಾರ ಮನೆ ಅಂತ ಮೊದಲೇ ಗೊತ್ತು ಮಾಡ್ಕೊಂಡು ಹೊರಡಿ.

ವಾಪಸ್ ಬಂದ ಮೇಲೆ ಒಂದು ಕೆಲಸ ಬಾಕಿ ಇರುತ್ತೆ. ಮನೆಯವರ ಫೋಟೋ ತೆಗೆದಿದ್ರೆ ಅವರಿಗೇ ಕಳಿಸಿ. ಅಜ್ಜಿ ಮತ್ತು ಮೊಮ್ಮಕ್ಕಳ ಒಂದು ಒಳ್ಳೇ ಫೋಟೋ ಪ್ರಿಂಟ್ ಹಾಕ್ಸಿ ಮುಂದಿನ ಸಲ ತಗೊಂಡು ಹೋಗಿ. ಹಾಗೇ ನಿಮ್ಮೂರ ಹಬ್ಬಕ್ಕೆ ಅವರನ್ನ ಕರೀರಿ. ಬೆಂಗಳೂರೇ ನಿಮ್ಮೂರಾದ್ರೆ ಕಾರ್ತಿಕದ ಕೊನೇ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ ಇದ್ದೇ ಇದೆ. ನೆಂಟಸ್ತಿಕೆ ಅಂದ್ರೆ ಎರಡೂ ಕಡೆಯಿಂದ ಓಡಾಟ ಇರಬೇಕಲ್ವಾ?

ಇಷ್ಟು ಈ ವಾರ. ನಿಮ್ಮೂರ ಹಬ್ಬ ಯಾವ ತಿಂಗಳು, ಯಾವ ತಿಥಿ, ಅಲ್ಲಿ ಏನು ವಿಶೇಷ ಅಂತ ವಾಯ್ಸ್ ಮೆಸೇಜ್ ಕಳಿಸಿ. ಡೇಟ್ ಬೇಡ, ತಿಥಿ ಹೇಳಿ! ಮುಂದಿನ ವಾರ ಸಿಗೋಣ. ನಮಸ್ಕಾರ.